ಪನ್ವಲ್ ನದಿ ರೈಲು ಸೇತುವೆ: 64 ಮೀಟರ್ ಎತ್ತರ ತೀರ್ಮಾನವಾದದ್ದು ಎಲ್ಲಿ?

ಮೊದಲೇ ಹೇಳಿಬಿಡುತ್ತೇನೆ, ಇದು ನಮ್ಮ ನವಿ ಮುಂಬೈ ಪಕ್ಕದ ಪನ್ವೇಲ್ ಅಲ್ಲ. ಪನ್ವಲ್ ಅನ್ನುವುದು ರತ್ನಾಗಿರಿ ಹತ್ತಿರದ ಒಂದು ಸಣ್ಣ ಹೊಳೆ. ರತ್ನಾಗಿರಿ ಮತ್ತು ನಿವಸರ್ ಸ್ಟೇಷನ್‌ಗಳ ನಡುವೆ ಕೊಂಕಣ ರೈಲ್ವೆ ಅದನ್ನು ದಾಟುತ್ತದೆ. ಹೊಳೆ ಸಣ್ಣದಾದರೂ ಸೇತುವೆ 424 ಮೀಟರ್ ಉದ್ದ, 64 ಮೀಟರ್ ಎತ್ತರ. ಕಟ್ಟಿದ ಕಾಲಕ್ಕೆ ದೇಶದಲ್ಲೇ ಅತಿ ಎತ್ತರದ ರೈಲು ಸೇತುವೆ ಇದಾಗಿತ್ತು. ಕುತುಬ್ ಮಿನಾರ್‌ಗಿಂತ ಎತ್ತರ ಅಂತ ಹೇಳುವವರಿದ್ದಾರೆ. ಅದು ಸರಿಯಲ್ಲ, ಮಿನಾರು 72 ಮೀಟರ್ ದಾಟುತ್ತದೆ.

ಈ ಸೇತುವೆಯ ಬಗ್ಗೆ ಬರೆಯೋಣ ಅನ್ನಿಸಿದ್ದು ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಶೆಟ್ಟರೊಬ್ಬರು ಕೇಳಿದ ಪ್ರಶ್ನೆಯಿಂದ. ಊರು ಕುಂದಾಪುರ ಕಡೆ, ಮುಂಬೈ–ಮಂಗಳೂರು ಮತ್ಸ್ಯಗಂಧ ರೈಲಿನ ಖಾಯಂ ಗಿರಾಕಿ. "ನೀನು ಸೇತುವೆ ಡಿಸೈನ್ ಆಫೀಸಲ್ಲಿ ಇರುವವ ಅಲ್ವಾ ಮಾರಾಯಾ? ಈ ಲೈನನ್ನು 160ರ ಸ್ಪೀಡಿಗೆ ಕಟ್ಟಿದ್ದು ಅಂತಾರೆ. ಮತ್ತೆ ಮಳೆಗಾಲದಲ್ಲಿ ಇಷ್ಟು ನಿಧಾನ ಎಂತಕ್ಕೆ? ಸೇತುವೆ ಗಟ್ಟಿ ಇಲ್ವಾ?" ಅಂದರು. "ಸೇತುವೆ ಗಟ್ಟಿಯೇ ಇದೆ ಶೆಟ್ರೆ, ಪ್ರಾಬ್ಲಮ್ ಇರುವುದು ಗುಡ್ಡದಲ್ಲಿ" ಅಂದೆ. ಒಪ್ಪಿದ ಮುಖ ಕಾಣಲಿಲ್ಲ. ಹಾಗಾಗಿ ಇಡೀ ಪ್ರಕರಣವನ್ನೇ ಬಿಡಿಸಿ ಬರೆಯುತ್ತಿದ್ದೇನೆ.

ಕಾಗದದ ಮೇಲಿನ ಎರಡು ಅಂಕಿ

ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರ ಜುಲೈನಲ್ಲಿ. ಆಗ ರೈಲ್ವೆ ಮಂತ್ರಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಹಣಕಾಸು ಮಂತ್ರಿ ಮಧು ದಂಡವತೆ, ಅವರದ್ದು ಕೊಂಕಣದ ರಾಜಾಪುರ ಕ್ಷೇತ್ರ. ಇಬ್ಬರಿಗೂ ಈ ಕರಾವಳಿಯ ಕಷ್ಟ ಗೊತ್ತಿತ್ತು, ಇಲ್ಲದಿದ್ದರೆ ಫೈಲು ಇವತ್ತಿಗೂ ದೆಹಲಿಯಲ್ಲೇ ಧೂಳು ತಿನ್ನುತ್ತಿತ್ತೇನೋ. ನಿಗಮದ ಮುಖ್ಯಸ್ಥರಾಗಿ ಇ. ಶ್ರೀಧರನ್ ಬಂದರು. ಬಂಡವಾಳದಲ್ಲಿ ಕೇಂದ್ರದ ಪಾಲು ಶೇ. 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಮಿಕ್ಕ ದುಡ್ಡನ್ನು ಹೆಚ್ಚಾಗಿ ಬಾಂಡ್ ಮಾರಿ ಎತ್ತಿದರು. ಅದುವರೆಗೆ ಮುಂಬೈಯಿಂದ ಮಂಗಳೂರಿಗೆ ರೈಲಿನಲ್ಲಿ ಹೋಗಬೇಕೆಂದರೆ ದೇಶ ಸುತ್ತಿ 2,041 ಕಿ.ಮೀ. ಆಗುತ್ತಿತ್ತು, ಹೊಸ ದಾರಿಯಲ್ಲಿ 914. ನಮ್ಮವರು ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಊರಿಗೆ ಹೋಗುತ್ತಿದ್ದದ್ದು ಸುಮ್ನೆ ಅಲ್ಲ.

ಈ ನಿಗಮ ಶುರುವಿನಲ್ಲೇ ಒಂದು ತೀರ್ಮಾನ ತೆಗೆದುಕೊಂಡಿತು. ಲೈನು ಗಂಟೆಗೆ 160 ಕಿ.ಮೀ. ವೇಗಕ್ಕೆ ತಕ್ಕ ಹಾಗೆ ಇರಬೇಕು. ಜಗತ್ತಿನ ಲೆಕ್ಕದಲ್ಲಿ ಇದು ಹೈ ಸ್ಪೀಡ್ ಅಲ್ಲ, ಅದಕ್ಕೆ ಹೊಸ ಲೈನಾದರೆ 250 ಬೇಕು. ಆದರೆ 1990ರ ಭಾರತದಲ್ಲಿ ಇದು ದೊಡ್ಡ ಆಸೆಯೇ. ಆ ಆಸೆ ಎರಡು ಅಂಕಿಗಳಾಗಿ ಕಾಗದಕ್ಕೆ ಇಳಿಯಿತು. ಏರು ಎಷ್ಟೇ ಇದ್ದರೂ 150ಕ್ಕೆ 1ಕ್ಕಿಂತ ಕಡಿದಾಗಬಾರದು, ಅಂದರೆ 150 ಮೀಟರ್ ಮುಂದೆ ಹೋದರೆ 1 ಮೀಟರ್ ಮಾತ್ರ ಏರಬಹುದು. ತಿರುವಿನ ತ್ರಿಜ್ಯ 1,250 ಮೀಟರ್‌ಗಿಂತ ಕಡಿಮೆ ಇರಬಾರದು. ಪನ್ವಲ್ ಕಣಿವೆಯ ಸೇತುವೆ ಎಷ್ಟು ಎತ್ತರ ಇರಬೇಕು ಅನ್ನುವುದು ಹೆಚ್ಚುಕಡಿಮೆ ಅಲ್ಲೇ ಮುಗಿದುಹೋಯಿತು. ಕಣಿವೆಗೆ ಹೋಗಿ ಅಳೆದದ್ದು ಆಮೇಲಿನ ಮಾತು.

ಹೇಗೆ ಅಂತೀರಾ? ಮುಂಬೈ-ಪುಣೆ ಓಡಾಡುವವರಿಗೆ ಭೋರ್ ಘಾಟ್ ಗೊತ್ತು. 1863ರಲ್ಲಿ ತೆರೆದ ಆ ದಾರಿಯಲ್ಲಿ ಏರು 37ಕ್ಕೆ 1, ಅದಕ್ಕೇ ಇವತ್ತಿಗೂ ಕರ್ಜತ್‌ನಲ್ಲಿ ರೈಲಿಗೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಹಾಕುತ್ತಾರೆ. ಗೋವಾದ ಕುಳೆಂ–ಕ್ಯಾಸಲ್‌ರಾಕ್ ಘಾಟಿಯೂ 37ಕ್ಕೆ 1. ಸುಬ್ರಹ್ಮಣ್ಯ–ಸಕಲೇಶಪುರ ಘಾಟಿ 50ಕ್ಕೆ 1. ಈಗ 64 ಮೀಟರ್ ಇಳಿಯಬೇಕು ಅಂದುಕೊಳ್ಳಿ. ಭೋರ್ ಘಾಟಿನ ಲೆಕ್ಕದಲ್ಲಿ ಸುಮಾರು 2.4 ಕಿ.ಮೀ. ಸಾಕು, ಸಕಲೇಶಪುರದ ಲೆಕ್ಕದಲ್ಲಿ 3.2 ಕಿ.ಮೀ. 150ಕ್ಕೆ 1 ಅಂದರೆ 9.6 ಕಿ.ಮೀ. ಬೇಕು, ಇಳಿದು ಮತ್ತೆ ಹತ್ತಲು ಇನ್ನೊಂದು 9.6. ಕಣಿವೆಯ ಅಗಲವೇ ಅರ್ಧ ಕಿಲೋಮೀಟರ್ ಇಲ್ಲ! ಇಳಿಯುವ ಮಾತೇ ಇಲ್ಲ. ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಅದೇ ಎತ್ತರದಲ್ಲಿ ನೇರ ದಾಟಬೇಕು.

ಕೊಂಕಣದ ನೆಲವೇ ಹಾಗಿದೆ. ಸಹ್ಯಾದ್ರಿಯಿಂದ ಗುಡ್ಡದ ಸಾಲುಗಳು ಪಶ್ಚಿಮಕ್ಕೆ ಸಮುದ್ರದವರೆಗೂ ಇಳಿಯುತ್ತವೆ, ಎರಡು ಸಾಲಿನ ನಡುವೆ ಒಂದು ಹೊಳೆ ಇರುತ್ತದೆ. ರೈಲು ಹೋಗಬೇಕಾದ್ದು ಉತ್ತರದಿಂದ ದಕ್ಷಿಣಕ್ಕೆ, ಅಂದರೆ ಎಲ್ಲವನ್ನೂ ಅಡ್ಡ ದಾಟಿಕೊಂಡು. ರೋಹಾದಿಂದ ತೋಕೂರಿನವರೆಗಿನ ಸುಮಾರು 740 ಕಿ.ಮೀ. ದಾರಿಯಲ್ಲಿ 90ಕ್ಕೂ ಹೆಚ್ಚು ಸುರಂಗ, ಸಣ್ಣದು ದೊಡ್ಡದು ಸೇರಿ 2,000ದ ಹತ್ತಿರ ಸೇತುವೆ ಬಂದದ್ದು ಇದೇ ಕಾರಣಕ್ಕೆ.

ಬೇರೆ ದಾರಿ ಇತ್ತೇ?

ಕಣಿವೆಯ ತಲೆಯವರೆಗೆ ಹೋಗಿ ಸುತ್ತಿಕೊಂಡು ಬರಬಹುದಿತ್ತಲ್ಲ ಅಂತ ಕೇಳಬಹುದು. ಹಳೇ ಘಾಟಿ ರೈಲುಗಳು ಮಾಡಿದ್ದು ಅದನ್ನೇ. ಆದರೆ 1,250 ಮೀಟರ್ ತ್ರಿಜ್ಯದ ತಿರುವಿನಲ್ಲಿ ರೈಲು ಮುಖ ತಿರುಗಿಸಿ ವಾಪಸ್ ಬರಬೇಕಾದರೆ ಎರಡೂವರೆ ಕಿಲೋಮೀಟರ್ ಅಗಲದ ಜಾಗ ಬೇಕು. 400 ಚಿಲ್ಲರೆ ಮೀಟರ್ ಕಣಿವೆಯಲ್ಲಿ ಅದು ಕೂರುವುದೇ ಇಲ್ಲ. ಗಮನಿಸಿ, ವೇಗ ಎರಡು ಪಟ್ಟು ಆದರೆ ತಿರುವಿನ ತ್ರಿಜ್ಯ ನಾಲ್ಕು ಪಟ್ಟು ಆಗಬೇಕು. ಈಗ ಕಟ್ಟುತ್ತಿರುವ ಮುಂಬೈ–ಅಹಮದಾಬಾದ್ ಬುಲೆಟ್ ರೈಲು 320ರಲ್ಲಿ ಓಡುವಂಥದ್ದು, ಅದರ ಕನಿಷ್ಠ ತ್ರಿಜ್ಯ 6,000 ಮೀಟರ್. ವೇಗ ಜಾಸ್ತಿ ಆದಷ್ಟೂ ಲೈನಿಗೆ ನೆಲದ ಮಾತು ಕೇಳುವ ತಾಳ್ಮೆ ಕಡಿಮೆಯಾಗುತ್ತಾ ಹೋಗುತ್ತದೆ.

ಮಣ್ಣು ತುಂಬಿ ಏರಿ ಹಾಕಿದ್ದರೆ? ಲೆಕ್ಕ ಮಾಡಿ ನೋಡಿ. ಮೇಲೆ 7 ಮೀಟರ್ ಅಗಲ, ಎರಡೂ ಬದಿ 1 ಮೀಟರ್ ಎತ್ತರಕ್ಕೆ 2 ಮೀಟರ್ ಇಳಿಜಾರು ಅಂತ ಇಟ್ಟುಕೊಂಡರೆ 64 ಮೀಟರ್ ಎತ್ತರದ ಏರಿಯ ಬುಡ 263 ಮೀಟರ್ ಅಗಲ ಆಗುತ್ತದೆ. ಅತಿ ಆಳದ ಜಾಗದಲ್ಲಿ ಪ್ರತಿ ಒಂದು ಮೀಟರ್ ಉದ್ದಕ್ಕೆ 8,640 ಘನ ಮೀಟರ್ ಮಣ್ಣು! ಜತೆಗೆ ಹೊಳೆಗೆ ಬುಡದಲ್ಲಿ ದಾರಿ ಬಿಡಬೇಕು, ಕೊಂಕಣದ ಮಳೆಗೆ ಆ ಮಣ್ಣು ನಿಲ್ಲಬೇಕು. ಇದನ್ನು ಯಾರೂ ಗಂಭೀರವಾಗಿ ಯೋಚಿಸುವುದಿಲ್ಲ.

ಹಾಗಾಗಿ ಸೇತುವೆಯೇ ಗತಿ. ಉಕ್ಕಿನದ್ದೋ ಕಾಂಕ್ರೀಟಿನದ್ದೋ ಅನ್ನುವುದು ಮುಂದಿನ ಪ್ರಶ್ನೆ. ಉಕ್ಕು ಹಗುರ, ಬೇಗ ಆಗುತ್ತದೆ. ಆದರೆ ಅರಬ್ಬಿ ಸಮುದ್ರದ ಉಪ್ಪುಗಾಳಿ ಬೀಸುವ ಕಡೆ 64 ಮೀಟರ್ ಎತ್ತರಕ್ಕೆ ಜೀವಮಾನವಿಡೀ ಪೇಂಟ್ ಹೊಡೆಯುವವರು ಯಾರು? ನನ್ನನ್ನು ಕೇಳಿದರೂ ಕಾಂಕ್ರೀಟೇ ಅನ್ನುತ್ತಿದ್ದೆ.

ಒತ್ತಿ ಒತ್ತಿ ದಾಟಿಸಿದ ಗರ್ಡರ್

ಕಂಬಗಳದ್ದು ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ಎಂಟು ಮೂಲೆಯ ಟೊಳ್ಳು ಕಂಬಗಳು. ಕಂಬ ಬಾಗದಂತೆ ತಡೆಯುವುದು ಹೊರಗಿನ ಗೋಡೆ, ನಡುವಿನ ಕಾಂಕ್ರೀಟು ಸುಮ್ನೆ ಭಾರ. ಸ್ಲಿಪ್‌ಫಾರ್ಮ್ ಅಂತ ಒಂದು ವ್ಯವಸ್ಥೆ ಇದೆ, ಅಚ್ಚು ಜ್ಯಾಕ್‌ಗಳ ಮೇಲೆ ನಿಧಾನಕ್ಕೆ ಏರುತ್ತಲೇ ಇರುತ್ತದೆ, ಹಗಲು ರಾತ್ರಿ ಕಾಂಕ್ರೀಟ್ ಹಾಕುತ್ತಲೇ ಇರಬೇಕು. ನಿಲ್ಲಿಸಿದರೆ ಅಚ್ಚು ಅಂಟಿಕೊಳ್ಳುತ್ತದೆ. ಕೆಲಸಗಾರರಿಗೆ ಪಾಳಿ, ಮಿಕ್ಸರಿಗೆ ಬಿಡುವಿಲ್ಲ. ಕೊಯ್ನಾ ಇಲ್ಲಿಂದ ತುಂಬಾ ದೂರ ಏನಲ್ಲ, 1967ರ ಭೂಕಂಪ ಇನ್ನೂ ಜನರ ನೆನಪಿನಲ್ಲಿದ್ದ ಪ್ರದೇಶ. ಅಂಥ ಕಡೆ ಎತ್ತರದ ಕಂಬದ ತಲೆಯ ಮೇಲೆ ಭಾರ ಕಡಿಮೆ ಇದ್ದಷ್ಟೂ ಒಳ್ಳೆಯದು.

ಅಸಲಿ ಕೆಲಸ ಇರುವುದು ಮೇಲಿನ ಗರ್ಡರ್‌ನಲ್ಲಿ, ಅಂದರೆ ಹಳಿ ಹೊರುವ ಉದ್ದ ತೊಲೆಯಲ್ಲಿ. ಮಧ್ಯದ ಸ್ಪ್ಯಾನ್‌ಗಳು (ಎರಡು ಕಂಬಗಳ ನಡುವಿನ ಅಂತರ) 40 ಮೀಟರ್, ತುದಿಯವು 30, ಎಲ್ಲಾ ಸೇರಿ ಪೆಟ್ಟಿಗೆಯಂತೆ ಒಳಗೆ ಟೊಳ್ಳಾದ ಒಂದೇ ಅಖಂಡ ಬಾಕ್ಸ್ ಗರ್ಡರ್. ಕೆಳಗಿನಿಂದ ಸಾರವೆ ಕಟ್ಟಿ, ಸೆಂಟ್ರಿಂಗ್ ಹಾಕಿ ಎರಕ ಹೊಯ್ಯೋಣ ಅಂದರೆ 64 ಮೀಟರ್ ಎತ್ತರದ ಸಾರವೆಯೇ ಒಂದು ಪ್ರಾಜೆಕ್ಟು. ಬುಡದಲ್ಲಿ ದೊಡ್ಡ ಕ್ರೇನು ನಿಲ್ಲಿಸೋಣ ಅಂದರೆ ಕಣಿವೆಗೆ ಇಳಿಯುವ ರಸ್ತೆ ಬೇಕು. ಹಾಗಾಗಿ ಆಯ್ಕೆಯಾದದ್ದು ಇನ್‌ಕ್ರಿಮೆಂಟಲ್ ಲಾಂಚಿಂಗ್. ಜರ್ಮನ್ ಎಂಜಿನಿಯರ್‌ಗಳಾದ ಫ್ರಿಟ್ಜ್ ಲಿಯೊನ್‌ಹಾರ್ಟ್ ಮತ್ತು ವಿಲ್ಲಿ ಬೌರ್ 1960ರ ದಶಕದ ಆರಂಭದಲ್ಲಿ ವೆನಿಜುವೆಲಾದ ಕರೋನಿ ನದಿಯ ಮೇಲೆ ಮಾಡಿ ತೋರಿಸಿದ ವಿಧಾನ ಇದು. ನಮ್ಮ ರೈಲ್ವೆಗೆ ಆಗ ಹೊಸತು.

ಕೆಲಸ ಹೀಗೆ. ಕಣಿವೆಯ ಒಂದು ದಡದಲ್ಲಿ, ಸೇತುವೆ ಶುರುವಾಗುವ ಜಾಗದ ಹಿಂದೆ, ಗಟ್ಟಿ ನೆಲದ ಮೇಲೆ ಎರಕದ ಅಂಗಳ. ಅಲ್ಲಿ ಗರ್ಡರಿನ ಒಂದು ತುಂಡು ಹೊಯ್ಯುತ್ತಾರೆ. ಗಟ್ಟಿಯಾದ ಮೇಲೆ ಒಳಗಿನ ಉಕ್ಕಿನ ಕೇಬಲ್ಲುಗಳನ್ನು ಎಳೆದು ಬಿಗಿಮಾಡಿ, ಹೈಡ್ರಾಲಿಕ್ ಜ್ಯಾಕ್‌ನಿಂದ ಕಣಿವೆಯ ಕಡೆ ಒತ್ತುತ್ತಾರೆ. ಜಾಗ ಖಾಲಿಯಾಗುತ್ತದೆ. ಅದರ ಬೆನ್ನಿಗೇ ಅಂಟಿಸಿ ಮುಂದಿನ ತುಂಡು ಹೊಯ್ಯುತ್ತಾರೆ, ಮತ್ತೆ ಒತ್ತುತ್ತಾರೆ. ಚಕ್ಕುಲಿ ಒರಳಿನಿಂದ ಹಿಟ್ಟು ಬಂದ ಹಾಗೆ ಸೇತುವೆ ಒಂದೇ ಬಾಯಿಂದ ಹೊರಗೆ ಬರುತ್ತಾ ಒಂದೊಂದೇ ಕಂಬದ ಮೇಲೆ ಜಾರಿಕೊಂಡು ಆಚೆ ದಡ ಮುಟ್ಟುತ್ತದೆ. ಎಲ್ಲಾ ಕಾಂಕ್ರೀಟು ಒಂದೇ ಕಡೆ, ಕಣ್ಣೆದುರಿಗೇ ಆಗುವುದರಿಂದ ಗುಣಮಟ್ಟ ನೋಡಿಕೊಳ್ಳುವುದು ಸುಲಭ. ಕೆಳಗಿನ ಹೊಳೆಗೂ ತೋಟಕ್ಕೂ ತೊಂದರೆ ಕಡಿಮೆ.

ಕೇಳುವುದಕ್ಕೆ ಸಲೀಸು. ಆದರೆ ಗರ್ಡರಿನ ಪಾಡು ಯೋಚಿಸಿ. ಮುಂದಿನ ತುದಿ ಒಂದು ಕಂಬ ಬಿಟ್ಟು ಮುಂದಿನದ್ದನ್ನು ಮುಟ್ಟುವವರೆಗೆ ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ಎರಡೂ ಕಡೆ ಸ್ಪ್ಯಾನ್ ಇರುವ ಅಖಂಡ ಗರ್ಡರಿಗೆ ಕಂಬದ ಮೇಲೆ ಬರುವ ಬಾಗುಬಲ (ಬೆಂಡಿಂಗ್ ಮೊಮೆಂಟ್, ಅಂದರೆ ಅದನ್ನು ಬಗ್ಗಿಸಲು ನೋಡುವ ಬಲದ ಅಳತೆ), ಅದರದ್ದೇ ತೂಕಕ್ಕೆ, ಮೀಟರ್ ತೂಕ ಗುಣಿಸು ಸ್ಪ್ಯಾನಿನ ವರ್ಗ, ಭಾಗಿಸು 12. ಗಾಳಿಯಲ್ಲಿ ಪೂರ್ತಿ ಚಾಚಿದಾಗ ಭಾಗಿಸುವುದು 2ರಿಂದ. ಅಂದರೆ ಆರು ಪಟ್ಟು. ಅಷ್ಟಕ್ಕೆ ಡಿಸೈನ್ ಮಾಡಿದರೆ ಕಾಂಕ್ರೀಟು, ಕೇಬಲ್ಲು ಎಲ್ಲಾ ದಂಡ, ಏಕೆಂದರೆ ರೈಲು ಓಡಲು ಶುರುವಾದ ಮೇಲೆ ಅದು ಬೇಕಿಲ್ಲ. ಅದಕ್ಕೇ ತುದಿಗೆ ಹಗುರವಾದ ಉಕ್ಕಿನ ಮೂಗು ಕಟ್ಟುತ್ತಾರೆ, ಸಾಮಾನ್ಯವಾಗಿ ಸ್ಪ್ಯಾನಿನ ಮೂರನೇ ಎರಡು ಭಾಗದಷ್ಟು ಉದ್ದ. ಕಾಂಕ್ರೀಟು ಪೂರ್ತಿ ಚಾಚುವ ಮೊದಲೇ ಮೂಗು ಹೋಗಿ ಮುಂದಿನ ಕಂಬದ ಮೇಲೆ ಕೂರುತ್ತದೆ.

ಇನ್ನೊಂದು ತಲೆನೋವು ಏನೆಂದರೆ, ಗರ್ಡರಿನ ಪ್ರತಿ ಭಾಗವೂ ಜಾರುತ್ತಾ ಹೋಗುವಾಗ ಒಂದು ಗಳಿಗೆ ಕಂಬದ ಮೇಲಿರುತ್ತದೆ, ಇನ್ನೊಂದು ಗಳಿಗೆ ಎರಡು ಕಂಬಗಳ ನಡುವೆ. ಒಮ್ಮೆ ಮೇಲ್ಭಾಗ ಎಳೆತಕ್ಕೆ ಸಿಗುತ್ತದೆ, ಒಮ್ಮೆ ಕೆಳಭಾಗ. ಹಾಗಾಗಿ ಒತ್ತುವ ಹೊತ್ತಿನ ಕೇಬಲ್ಲುಗಳು ಎರಡಕ್ಕೂ ಆಗುವಂತೆ, ಮೇಲೂ ಕೆಳಗೂ ಸಮವಾಗಿ ಒತ್ತಡ ಕೊಡುವಂತೆ ಇರಬೇಕು. ಕೊನೆಗೆ ಗರ್ಡರ್ ತನ್ನ ಜಾಗಕ್ಕೆ ಬಂದ ಮೇಲೆ ರೈಲಿನ ಭಾರಕ್ಕೆ ಬೇಕಾದ ಇನ್ನಷ್ಟು ಕೇಬಲ್.

ಮತ್ತೆ ಕಂಬಗಳು. ಗರ್ಡರ್ ಜಾರಲು ಕಂಬದ ತಲೆಯ ಮೇಲೆ ಟೆಫ್ಲಾನ್ ಪ್ಯಾಡ್, ಅದರ ಜತೆಗೆ ನುಣುಪಾದ ಸ್ಟೇನ್‌ಲೆಸ್ ಸ್ಟೀಲ್ ತಗಡು. ಘರ್ಷಣೆ ಶೇ. 2ರಿಂದ 5. ಬಹಳ ಕಡಿಮೆ ಅನ್ನಿಸುತ್ತದೆ, ಅಲ್ವಾ? ಲೆಕ್ಕಕ್ಕೋಸ್ಕರ ಗರ್ಡರ್ ಮೀಟರಿಗೆ 12 ಟನ್ ಅಂತ ಇಟ್ಟುಕೊಳ್ಳಿ. 40 ಮೀಟರ್‌ಗೆ 480 ಟನ್, ಅದರ ಶೇ. 5 ಅಂದರೆ 24 ಟನ್. ಇಷ್ಟು ಬಲ ಕಂಬದ ತುತ್ತತುದಿಯನ್ನು ಮುಂದಕ್ಕೆ ಎಳೆಯುತ್ತದೆ. 64 ಮೀಟರ್ ಕಂಬಕ್ಕೆ ಬುಡದಲ್ಲಿ 1,500 ಟನ್-ಮೀಟರ್ ದಾಟುವ ಬಾಗುಬಲ. ಒಂದು ಪ್ಯಾಡ್ ಉಲ್ಟಾ ಕೂತರೆ ಅಥವಾ ಧೂಳು ಸಿಕ್ಕಿಕೊಂಡರೆ ಘರ್ಷಣೆ ಎಷ್ಟಕ್ಕೆ ಹೋಗುತ್ತದೋ ಹೇಳಲಾಗುವುದಿಲ್ಲ. ಆದ್ದರಿಂದ ಒತ್ತುವ ದಿನ ಪ್ರತಿ ಕಂಬದ ಮೇಲೂ ಒಬ್ಬ ಪ್ಯಾಡ್ ಬದಲಿಸುವವ ಇರಬೇಕು. ಕೈಗೆ ಸಿಗುವಂತೆ ನಿಲ್ಲಿಸುವ ಬಟನ್ ಇರಬೇಕು, ಕಂಬದ ತಲೆ ಎಷ್ಟು ವಾಲಿದೆ ಅಂತ ಅಳೆಯುವವನೂ ಇರಬೇಕು. ಕೋಟಿಗಟ್ಟಲೆ ಕೆಲಸ ಆ ಹೊತ್ತಿನಲ್ಲಿ ಅಂಗೈ ಅಗಲದ ಪ್ಯಾಡನ್ನು ಸರಿಯಾದ ಮಗ್ಗುಲಿಗೆ ತೂರಿಸುವವನ ಕೈಯಲ್ಲಿರುತ್ತದೆ. ಡ್ರಾಯಿಂಗಿನಲ್ಲಿ ಅವನು ಕಾಣುವುದೇ ಇಲ್ಲ.

ಈ ವಿಧಾನಕ್ಕೆ ಒಂದು ಹಟವೂ ಇದೆ. ದಾರಿ ನೇರ ಇರಬೇಕು ಅಥವಾ ಇಡೀ ಉದ್ದಕ್ಕೂ ಒಂದೇ ತ್ರಿಜ್ಯದ ತಿರುವಿರಬೇಕು. ಗರ್ಡರಿನ ಎತ್ತರವೂ ಉದ್ದಕ್ಕೂ ಒಂದೇ ಇರಬೇಕು. ಸೇತುವೆ ನಡುವೆ ತಿರುವು ಬದಲಾದರೆ ಒತ್ತಲು ಆಗುವುದಿಲ್ಲ. ಹಾಗಾಗಿ ಲೈನ್ ಎಳೆಯುವವರೂ ಸೇತುವೆ ಕಟ್ಟುವವರೂ ಮೊದಲ ದಿನದಿಂದ ಒಂದೇ ಮೇಜಿಗೆ ಕೂರಬೇಕು. ಲೈನ್ ಗೆರೆ ಮುಗಿದ ಮೇಲೆ ಸೇತುವೆಯವರನ್ನು ಕರೆದರೆ ತಡವಾಗಿರುತ್ತದೆ.

ಅಖಂಡ ಗರ್ಡರಿಂದ ರೈಲಿಗೂ ಲಾಭ. ಪ್ರತಿ ಕಂಬದ ಮೇಲೆ ಸಂದು ಇಲ್ಲ, ಚಕ್ರಕ್ಕೆ ಪೆಟ್ಟಿಲ್ಲ. ಆದರೆ 420 ಮೀಟರ್ ಕಾಂಕ್ರೀಟು 20 ಡಿಗ್ರಿ ಬಿಸಿ ಏರಿಳಿದರೆ ಸುಮಾರು 10 ಸೆಂ.ಮೀ. ಹಿಗ್ಗಿ ಕುಗ್ಗುತ್ತದೆ, ಅದೆಲ್ಲವನ್ನೂ ತುದಿಗಳಲ್ಲಿ ತಡೆದುಕೊಳ್ಳಬೇಕು.

ವೇಗ ಎಲ್ಲಿ ಹೋಯಿತು?

ಸೇತುವೆ ಕಟ್ಟಿದ ಮೇಲೂ ಲೈನು ಪೂರ್ತಿಯಾಗಲು ಕಾಯಬೇಕಾಯಿತು. ಕೊನೆಯವರೆಗೆ ಸತಾಯಿಸಿದ್ದು ಗೋವಾದ ಪೆರ್ನೆಂ ಸುರಂಗದ ಮೆತ್ತನೆಯ ಮಣ್ಣು. ಮೇಲೆ ಮುರಕಲ್ಲು, ಅಡಿಯಲ್ಲಿ ನೀರು ಕುಡಿದರೆ ಹಿಟ್ಟಾಗುವ ಶೇಡಿ ಮಣ್ಣು. ನಮ್ಮ ಉಡುಪಿ ಕಡೆ ಬಾವಿ ತೋಡಿದವರಿಗೆಲ್ಲ ಗೊತ್ತು ಅದರ ಗುಣ. ಇಡೀ ಲೈನು ಓಡಾಟಕ್ಕೆ ಸಿಕ್ಕಿದ್ದು 1998ರ ಜನವರಿ 26ಕ್ಕೆ. ಅದೇ ಪೆರ್ನೆಂನಲ್ಲಿ 2020ರ ಆಗಸ್ಟ್‌ನಲ್ಲಿ ಸುರಂಗದ ಗೋಡೆ ಕುಸಿದು ರೈಲುಗಳನ್ನು ಪುಣೆ–ಮೀರಜ್–ಲೋಂಡಾ ಕಡೆಯಿಂದ ಸುತ್ತಿಸಿದರು. 2024ರ ಜುಲೈನಲ್ಲಿ ಮತ್ತೆ ಅಲ್ಲೇ ಸುರಂಗಕ್ಕೆ ನೀರು ನುಗ್ಗಿತು.

ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು ಗುಡ್ಡ ಕಡಿದ ಕಟಿಂಗ್‌ಗಳಲ್ಲಿ. 2003ರ ಜೂನ್ 22ರ ರಾತ್ರಿ ವೈಭವವಾಡಿ ಹತ್ತಿರ ಕಾರವಾರದಿಂದ ಮುಂಬೈಗೆ ಬರುತ್ತಿದ್ದ ರಜೆಯ ವಿಶೇಷ ರೈಲು ಗುಡ್ಡದಿಂದ ಬಿದ್ದ ಬಂಡೆಗೆ ಗುದ್ದಿ ಹಳಿ ತಪ್ಪಿತು, 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಜೂನ್ 16ಕ್ಕೆ ಕರಂಜಾಡಿ ಹತ್ತಿರ ನಮ್ಮ ಮತ್ಸ್ಯಗಂಧವೇ ಬಂಡೆಗೆ ಗುದ್ದಿ ಸೇತುವೆಯಿಂದ ಕೆಳಗೆ ಬಿತ್ತು. ಮುಂಬೈಯ ಎಷ್ಟೋ ಕನ್ನಡ, ತುಳು ಮನೆಗಳಲ್ಲಿ ಆ ಎರಡು ಜೂನ್‌ಗಳನ್ನು ಇನ್ನೂ ಮರೆತಿಲ್ಲ.

ಆಮೇಲೆ ಇಳಿಜಾರುಗಳನ್ನು ಸಪಾಟು ಮಾಡಿದರು, ಬಂಡೆ ತಡೆಯುವ ಬಲೆ ಹಾಕಿದರು, ಮಣ್ಣಿಗೆ ಉಕ್ಕಿನ ಮೊಳೆ ಹೊಡೆದರು, ಲಾವಂಚ ನೆಟ್ಟರು. ಬಂಡೆ ಬಿದ್ದರೆ ಎಚ್ಚರಿಸುವ ರಕ್ಷಾ ಧಾಗಾ ಅನ್ನುವ ತಂತಿ ವ್ಯವಸ್ಥೆ ತಂದರು. ಜತೆಗೆ ಮಳೆಗಾಲದ ಬೇರೆ ಟೈಮ್‌ಟೇಬಲ್. ಜೋರು ಮಳೆಗೆ ಮುಂದೆ ಕಾಣದಿದ್ದರೆ 40ರಲ್ಲಿ ಓಡಿಸಿ ಅಂತ ಲೋಕೋ ಪೈಲಟ್‌ಗಳಿಗೆ ಸೂಚನೆ. 2023ರಲ್ಲಿ ಶುರುವಾದ ಮುಂಬೈ–ಮಡಗಾಂವ್ ವಂದೇ ಭಾರತ್ ನೋಡಿ. ಆ ವರ್ಷದ ಟೈಮ್‌ಟೇಬಲ್‌ನಲ್ಲಿ ಬೆಳಿಗ್ಗೆ 5:25ಕ್ಕೆ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ ಬಿಟ್ಟ ರೈಲು ಮಳೆಗಾಲದಲ್ಲಿ ಮಧ್ಯಾಹ್ನ 3:30ಕ್ಕೆ ಮಡಗಾಂವ್ ಮುಟ್ಟುತ್ತಿತ್ತು, ಮಳೆಗಾಲ ಮುಗಿದ ಮೇಲೆ 1:10ಕ್ಕೆ. ಅದೇ ರೈಲು, ಅದೇ ಸೇತುವೆ, ಎರಡು ಗಂಟೆ 20 ನಿಮಿಷ ವ್ಯತ್ಯಾಸ.

ಪನ್ವಲ್ ಸೇತುವೆಯನ್ನೂ ಮಳೆಗಾಲದಲ್ಲಿ ಕಾಯುತ್ತಾರೆ. ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಇಟ್ಟಿರುವ ನಾಲ್ಕು ಜಾಗಗಳಲ್ಲಿ ಅದೂ ಒಂದು. ಉಳಿದ ಮೂರು ಗೋವಾದ ಮಾಂಡವಿ ಮತ್ತು ಜುವಾರಿ, ಹೊನ್ನಾವರದ ಶರಾವತಿ. ಗಾಳಿ ಮಿತಿ ದಾಟಿದರೆ ರೈಲು ತಡೆಯಬಹುದು, ಇಳಿದರೆ ಬಿಡಬಹುದು. ಗುಡ್ಡಕ್ಕೆ ಇಂಥ ಮೀಟರು ಇಡುವುದು ಅಷ್ಟು ಸುಲಭ ಅಲ್ಲ. ಸೇತುವೆಯಲ್ಲಿ ಪ್ರತಿ ಟನ್ನಿಗೂ ಲೆಕ್ಕ ಇದೆ, ನೆನೆದ ಮುರಕಲ್ಲಿನ ಗೋಡೆ ಯಾವ ರಾತ್ರಿ ಜಾರುತ್ತದೆ ಅನ್ನುವುದಕ್ಕೆ ಇಲ್ಲ.

ನನ್ನ ಪ್ರಕಾರ ಈ ಪ್ರಕರಣದ ತಿರುಳು ಇಲ್ಲಿದೆ. 160ರ ಅಂಕಿ ಕಣಿವೆಗೆ ಬಂದಾಗ ಎತ್ತರದ ಸೇತುವೆ ಕೇಳಿತು, ಕಟ್ಟಿದರು. ಅದೇ ಅಂಕಿ ಗುಡ್ಡಕ್ಕೆ ಬಂದಾಗ ಆಳದ ಕಟಿಂಗ್ ಕೇಳಿತು. ಹಳ್ಳಕ್ಕೆ ಇಳಿಯಬಾರದು ಅನ್ನುವ ನಿಯಮ ಗುಡ್ಡ ಹತ್ತಲೂ ಬಿಡುವುದಿಲ್ಲವಲ್ಲ. ಕಟಿಂಗೋ ಸುರಂಗವೋ ಅಂತ ಆರಿಸುವಾಗ ಎಂಜಿನಿಯರುಗಳು 18–20 ಮೀಟರ್ ಆಳದವರೆಗೆ ಕಟಿಂಗೇ ಅಗ್ಗ ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಇರುವುದು ಕಡಿಯುವ ಖರ್ಚು ಮಾತ್ರ. ವರ್ಷದಲ್ಲಿ ನಾಲ್ಕು ತಿಂಗಳು ಕಾವಲುಗಾರರನ್ನು ಹಳಿಯ ಮೇಲೆ ನಡೆಸುವ ಖರ್ಚು ಅದರಲ್ಲಿಲ್ಲ. ಬಲೆಯ ಖರ್ಚು, ಕಳೆದುಹೋದ ಎರಡು ಗಂಟೆ, ಇವೂ ಇಲ್ಲ. ಸೇತುವೆಗೆ ಕೊಟ್ಟ ಗಮನವನ್ನು ಕಟಿಂಗ್‌ಗಳಿಗೆ ಕೊಡದೆ ವೇಗದ ಲೈನು ಕಟ್ಟಿದರೆ ವೇಗ ಅತಿ ದುರ್ಬಲ ಇಳಿಜಾರಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ.

ಇನ್ನೊಂದು ಸೇತುವೆ ಕಟ್ಟುವಾಗ

ಎತ್ತರದ ಸೇತುವೆ ಕಟ್ಟುವ ಕೈ ಮಾತ್ರ ನಿಗಮಕ್ಕೆ ಚೆನ್ನಾಗಿ ಕೂಡಿಬಂತು. 2025ರ ಜೂನ್ 6ರಂದು ಜಮ್ಮು-ಕಾಶ್ಮೀರದಲ್ಲಿ ತೆರೆದ, ನದಿ ತಳದಿಂದ 359 ಮೀಟರ್ ಎತ್ತರದ ಚೆನಾಬ್ ಸೇತುವೆ ಕೊಂಕಣ ರೈಲ್ವೆಯ ಉಸ್ತುವಾರಿಯಲ್ಲೇ ಆದದ್ದು. ಇತ್ತ ಬುಲೆಟ್ ರೈಲಿನವರು ಉಲ್ಟಾ ದಾರಿ ಹಿಡಿದಿದ್ದಾರೆ. 40 ಮೀಟರ್ ಉದ್ದದ, 970 ಟನ್ ತೂಕದ ಇಡೀ ಗರ್ಡರನ್ನು ಯಾರ್ಡಿನಲ್ಲಿ ಹೊಯ್ದು, ಕಟ್ಟಿದ ಸೇತುವೆಯ ಮೇಲೇ ಸಾಗಿಸಿ, ಗ್ಯಾಂಟ್ರಿ ಅನ್ನುವ ದೈತ್ಯ ಎತ್ತುಯಂತ್ರದಿಂದ ಮುಂದಿನ ಸ್ಪ್ಯಾನಿಗೆ ಇಳಿಸುತ್ತಾರೆ. ನೂರಾರು ಕಿಲೋಮೀಟರ್ ಒಂದೇ ಥರದ ಸ್ಪ್ಯಾನ್ ಇದ್ದರೆ ಅದು ಲಾಭ. ಒಂಟಿ ಕಣಿವೆಗೆ ಒತ್ತುವುದೇ ಸರಿ.

ಪನ್ವಲ್ ಸೇತುವೆಯ ಮೇಲೆ ಇರುವುದು ಒಂದೇ ಹಳಿ. ರೋಹಾ–ವೀರ್ ನಡುವಿನ 47 ಕಿ.ಮೀ. 2021ರಲ್ಲಿ ಜೋಡಿ ಹಳಿಯಾಯಿತು, ಮುಂದಿನದ್ದು ಹೆಚ್ಚುಕಡಿಮೆ ಒಂಟಿ. ಎರಡನೇ ಹಳಿ ರತ್ನಾಗಿರಿಗೆ ಬಂದಾಗ ಪಕ್ಕದಲ್ಲಿ ಇನ್ನೊಂದು ಸೇತುವೆ ಬೇಕಾಗುತ್ತದೆ, ಅದನ್ನು ಕಟ್ಟಲು ಬರುತ್ತದೆ. ಆಗ ಇರುವ ಕಟಿಂಗನ್ನು ಪಕ್ಕಕ್ಕೆ ಇನ್ನಷ್ಟು ಅಗಲ ಮಾಡುವ ಆಸೆ ಖಂಡಿತ ಹುಟ್ಟುತ್ತದೆ, ಏಕೆಂದರೆ ಟೆಂಡರಿನಲ್ಲಿ ಅದೇ ಅಗ್ಗ ಕಾಣುತ್ತದೆ. ಆಳದ ಕಟಿಂಗ್ ಇರುವ ಕಡೆ ಎರಡನೇ ಹಳಿಯನ್ನು ಗುಡ್ಡದೊಳಗೆ ಸುರಂಗದಲ್ಲೇ ಒಯ್ಯಬೇಕು. ಅದಾಗದಿದ್ದರೆ ಕಟಿಂಗಿಗೆ ಕಾಂಕ್ರೀಟಿನ ಮಾಡು ಕಟ್ಟಬೇಕು. ಖರ್ಚು ಹೋಲಿಸುವಾಗ ಮಳೆಗಾಲದ ಟೈಮ್‌ಟೇಬಲ್‌ನ ನಷ್ಟವನ್ನೂ 30 ವರ್ಷಕ್ಕೆ ಕೂಡಿಸಿ ಹಾಕಬೇಕು.